ಹಗ್ಗ ಎಳೆದು ಕೈ ಸೋತವರಿಗೆ: ಸ್ಟಾರ್ಟ್ ಆಗದ ಹುಲ್ಲಿನ ಯಂತ್ರದ ಬಗ್ಗೆ ಓದುಗರ ಪ್ರಶ್ನೆಗಳು

ಆಶ್ಲೇಷಾ ಮಳೆ ಮುಗಿದು ಒಂದೆರಡು ದಿನ ಹೊಳವಾಯಿತೆಂದರೆ ತೋಟ, ಬೇಣ, ಶಾಲೆಯ ಅಂಗಳ ಎಲ್ಲ ಕಡೆಯೂ ಹುಲ್ಲು ಮೊಣಕಾಲು ಮುಟ್ಟಿರುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತಿದ್ದ ಯಂತ್ರ ಆಗ ಹೊರಗೆ ಬರುತ್ತದೆ, ಅದರ ಹಿಂದೆಯೇ ಈ ಅಂಕಣಕ್ಕೆ ಪತ್ರಗಳೂ ಬರುತ್ತವೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತಂದಿರುವುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರ ಉದ್ದವಾಗಿದೆ. ಉಳಿದವರೂ ದಯವಿಟ್ಟು ಅದನ್ನು ಓದಿಕೊಂಡೇ ಮುಂದೆ ಹೋಗಬೇಕು, ಏಕೆಂದರೆ ಅಲ್ಲಿ ಹೇಳಿದ್ದನ್ನು ಮತ್ತೆ ಹೇಳಿಲ್ಲ.

ಪ್ರಶ್ನೆ: ನಮ್ಮದು ಮೂರು ಎಕರೆ ಅಡಿಕೆ ತೋಟ. ಹುಲ್ಲು ಹೊಡೆಯಲು ಐದು ವರ್ಷಗಳ ಹಿಂದೆ ಟೂ-ಸ್ಟ್ರೋಕ್ ಎಂಜಿನ್ನಿನ, ಹೆಗಲಿಗೆ ಹಾಕಿಕೊಳ್ಳುವ ಯಂತ್ರವನ್ನು ಕೊಂಡಿದ್ದೆವು. ಕಳೆದ ದೀಪಾವಳಿಯ ಮೊದಲು ಕೊನೆಯ ಸಲ ಬಳಸಿ, ಚೆನ್ನಾಗಿ ಒರೆಸಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೆವು. ಈಗ ಇಳಿಸಿ ನೋಡಿದರೆ ಸ್ಟಾರ್ಟ್ ಆಗುತ್ತಿಲ್ಲ. ಐವತ್ತು ಸಲವಾದರೂ ಹಗ್ಗ ಎಳೆದಿರಬಹುದು. ಮೊದಮೊದಲು ಒಮ್ಮೆ ‘ಬುಸ್’ ಎಂದದ್ದು ಬಿಟ್ಟರೆ ಆಮೇಲೆ ಸದ್ದೇ ಇಲ್ಲ. ಪೇಟೆಯ ಮೆಕ್ಯಾನಿಕ್ ಫೋನಿನಲ್ಲಿಯೇ ‘ಕಾರ್ಬ್ಯುರೇಟರ್ ಹೋಗಿದೆ, ಹೊಸದು ಹಾಕಬೇಕು’ ಎಂದಿದ್ದಾರೆ. ಹಾಕಿಸಬೇಕೇ?
– ಅಡಿಕೆ ಬೆಳೆಗಾರರು, ಸಿದ್ದಾಪುರ ತಾಲ್ಲೂಕು

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿಯೇ ಎರಡು ಸುಳಿವುಗಳಿವೆ. ಯಂತ್ರವನ್ನು ಒರೆಸಿ ಇಟ್ಟೆವು ಎಂದು ಬರೆದಿದ್ದೀರಿ, ಆದರೆ ಟ್ಯಾಂಕ್ ಖಾಲಿ ಮಾಡಿ ಇಟ್ಟೆವು ಎಂದು ಬರೆದಿಲ್ಲ. ಹಾಗಾಗಿ ಅದರೊಳಗೆ ಒಂಬತ್ತು ಹತ್ತು ತಿಂಗಳ ಹಿಂದಿನ ಪೆಟ್ರೋಲ್ ಉಳಿದಿದೆ ಎಂದೇ ನಾನು ತಿಳಿಯುತ್ತೇನೆ. ಇನ್ನು, ಒಮ್ಮೆ ‘ಬುಸ್’ ಎಂದಿತು ಎಂದಿದ್ದೀರಿ. ಅಂದರೆ ಆ ಒಂದು ಗಳಿಗೆಯಲ್ಲಿ ಸಿಲಿಂಡರಿನೊಳಗೆ ಕಿಡಿಯೂ ಇತ್ತು, ಉರಿಯುವಂಥದ್ದೂ ಇತ್ತು, ಒತ್ತಡವೂ ಇತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಪೂರ್ತಿ ಕೆಟ್ಟ ಎಂಜಿನ್ ಹಾಗೆ ಉಸಿರು ಬಿಡುವುದು ಅಪರೂಪ.

ಮೊದಲು ಟ್ಯಾಂಕಿನಲ್ಲಿರುವುದನ್ನೆಲ್ಲ ಬಿಳಿ ಗಾಜಿನ ಬಾಟಲಿಗೆ ಸುರಿದು, ಬೆಂಕಿಯಿಂದ ದೂರ, ಜಗಲಿಯ ಅಂಚಿನಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಟ್ಟು ನೋಡಿ. ಒಳ್ಳೆಯ ಪೆಟ್ರೋಲ್ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣದಲ್ಲಿ ತಿಳಿಯಾಗಿರುತ್ತದೆ. ಬಾಟಲಿಯ ತಳದಲ್ಲಿ ಬೆರಳಿನ ದಪ್ಪದಷ್ಟು ಬೇರೆಯದೇ ಪದರ ಕಂಡರೆ, ಅಥವಾ ಕಮಟು ವಾಸನೆ ಬಂದರೆ, ನಿಮ್ಮ ತೊಂದರೆಯ ಮೂಲ ಸಿಕ್ಕಿತೆಂದೇ ತಿಳಿಯಬಹುದು. ಟ್ಯಾಂಕಿನೊಳಗೆ ಪೆಟ್ರೋಲ್ ಹೀರುವ ಕೊಳವೆಯ ತುದಿಗೆ ಭಾರವಾದ ಫಿಲ್ಟರ್ ಇದ್ದು, ಅದು ಯಾವಾಗಲೂ ತಳದಲ್ಲಿಯೇ ಬಿದ್ದಿರುವುದರಿಂದ, ಎಂಜಿನ್ ಮೊದಲು ಹೀರುವುದು ಆ ಕೆಟ್ಟ ಪದರವನ್ನೇ.

ಈ ಪದರ ಎಲ್ಲಿಂದ ಬಂತು ಎಂದು ಕೇಳಬಹುದು. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ, ಅಂತರರಾಷ್ಟ್ರೀಯ ಇಂಧನ ಸಮಾವೇಶವೊಂದರಲ್ಲಿ ಬಿಡುಗಡೆ ಮಾಡಲಾಯಿತು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ದಿನವೂ ಓಡುವ ಬೈಕಿನಲ್ಲಿ ಪೆಟ್ರೋಲ್ ಹಳತಾಗುವಷ್ಟು ಕಾಲ ನಿಲ್ಲುವುದೇ ಇಲ್ಲ, ತಿಂಗಳುಗಟ್ಟಲೆ ಕೂರುವ ಯಂತ್ರದ ಕತೆ ಬೇರೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ, ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟೂ-ಸ್ಟ್ರೋಕ್ ಯಂತ್ರಕ್ಕೆ ಇದರಿಂದ ಇನ್ನೊಂದು ಅಪಾಯವೂ ಇದೆ. ಈ ಎಂಜಿನ್ನಿಗಾಗಿ ಪೆಟ್ರೋಲಿನಲ್ಲಿಯೇ ನಾವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆಯೇ ಹೊರತು ತಳದ ಪದರಕ್ಕೆ ಇಳಿಯುವುದಿಲ್ಲವಾದ್ದರಿಂದ, ಆ ಪದರವನ್ನು ಕುಡಿದ ಎಂಜಿನ್ ಒಂದು ವೇಳೆ ಓಡಿದರೂ ಎಣ್ಣೆಯಿಲ್ಲದೆ ಓಡುತ್ತದೆ. ಆದ್ದರಿಂದ ಹಳೆಯದಕ್ಕೆ ಸ್ವಲ್ಪ ಹೊಸದನ್ನು ಸೇರಿಸಿ ತಿದ್ದುವ ಪ್ರಯತ್ನ ಮಾಡಬೇಡಿ. ಪೂರ್ತಿ ತೆಗೆದು, ಟ್ಯಾಂಕನ್ನು ಸ್ವಲ್ಪ ಹೊಸ ಪೆಟ್ರೋಲಿನಿಂದ ಕುಲುಕಿ ತೊಳೆದು, ಆಮೇಲೆ ಹೊಸ ಮಿಶ್ರಣ ಹಾಕಿ.

ಇಷ್ಟಾದ ಮೇಲೂ ಹಗ್ಗಕ್ಕೆ ಕೈ ಹಾಕಬೇಡಿ, ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ. ಐವತ್ತು ಸಲ ಎಳೆದು ತಿಳಿಯದ್ದನ್ನು ಪ್ಲಗ್ಗಿನ ತುದಿ ಒಂದು ನೋಟದಲ್ಲಿ ತಿಳಿಸುತ್ತದೆ. ಅದು ಹಸಿಯಾಗಿದ್ದು ಪೆಟ್ರೋಲ್ ವಾಸನೆ ಬರುತ್ತಿದ್ದರೆ ಇಂಧನ ಬಂದಿದೆ, ಬಹುಶಃ ಹೆಚ್ಚೇ ಬಂದಿದೆ. ಪೂರ್ತಿ ಒಣಗಿದ್ದರೆ ಇಂಧನ ಸಿಲಿಂಡರಿನವರೆಗೆ ಬರುತ್ತಲೇ ಇಲ್ಲ. ಕಾಡಿಗೆಯಂಥ ಮಸಿ ಹಿಡಿದು ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಸರಿಯಾಗಿ ಉರಿಯುತ್ತಿರುವ ಎಂಜಿನ್ನಿನ ಪ್ಲಗ್ ತುದಿ ಮಾರಿ ಬಿಸ್ಕತ್ತಿನ ಬಣ್ಣದಲ್ಲಿರುತ್ತದೆ.

ಐವತ್ತು ಸಲ ಎಳೆದಿರುವುದರಿಂದ ನಿಮ್ಮ ಪ್ಲಗ್ ಹಸಿಯಾಗಿಯೇ ಇರುತ್ತದೆ ಎಂಬುದು ನನ್ನ ಊಹೆ. ಸ್ವಿಚ್ ಆಫ್ ಮಾಡಿ, ಪ್ಲಗ್ ತೂತು ನೆಲಕ್ಕೆ ಮುಖ ಮಾಡುವಂತೆ ಯಂತ್ರವನ್ನು ಹಿಡಿದು, ಎಂಟು ಹತ್ತು ಸಲ ನಿಧಾನವಾಗಿ ಹಗ್ಗ ಎಳೆದರೆ ಒಳಗೆ ತುಂಬಿದ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ, ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಗಾಳಿಗೆ ಒಣಗಲು ಬಿಡಿ. ಅದನ್ನು ಗ್ಯಾಸ್ ಒಲೆಯ ಮೇಲೆ ಹಿಡಿದು ಕಾಯಿಸುವ ಅಭ್ಯಾಸ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಪೆಟ್ರೋಲ್ ಮೆತ್ತಿದ ಕೈಯಲ್ಲಿ ಪೆಟ್ರೋಲ್ ಮೆತ್ತಿದ ಪ್ಲಗ್ ಹಿಡಿದು ಒಲೆಯ ಮುಂದೆ ನಿಲ್ಲುವುದು ಏನೆಂದು ಒಂದು ಕ್ಷಣ ಯೋಚಿಸಿದರೆ ಸಾಕು, ಯಾರೂ ಅದನ್ನು ಮಾಡಲಾರರು.

ಕಿಡಿ ಇದೆಯೇ ಎಂದು ನೋಡಲು, ಚೆಲ್ಲಿದ ಪೆಟ್ರೋಲನ್ನೆಲ್ಲ ಒರೆಸಿ, ಯಂತ್ರವನ್ನು ಬೇರೆ ಜಾಗಕ್ಕೆ ಒಯ್ದು ಹತ್ತು ನಿಮಿಷ ಕಾಯಬೇಕು. ಆಮೇಲೆ ಪ್ಲಗ್ ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತೂತಿನಿಂದ ಆದಷ್ಟು ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಅದರ ಮೈ ತಾಗಿಸಬೇಕು. ಸ್ವಿಚ್ ಆನ್ ಇಟ್ಟು ಇನ್ನೊಬ್ಬರು ಹಗ್ಗ ಎಳೆದಾಗ ನೆರಳಿನಲ್ಲಿ ನೀಲಿ ಕಿಡಿ ಕಾಣಬೇಕು. ಕಾಣದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲದಿದ್ದರೆ ಸ್ವಿಚ್ಚಿನಿಂದ ಬರುವ ತೆಳು ವೈರನ್ನು ಗಮನಿಸಿ. ಸ್ವಿಚ್ ಆಫ್ ಮಾಡಿದಾಗ ಆ ವೈರು ಕಿಡಿಯ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಸಿ ಕಿಡಿಯನ್ನು ನಂದಿಸುತ್ತದೆ. ಅಟ್ಟದ ಮೇಲಿನ ಇಲಿ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಕಡಿದು ತಂತಿ ಲೋಹಕ್ಕೆ ತಾಗುತ್ತಿದ್ದರೆ, ಸ್ವಿಚ್ ಎಲ್ಲಿಟ್ಟರೂ ಎಂಜಿನ್ನಿನ ಪಾಲಿಗೆ ಅದು ಆಫ್ ಆಗಿಯೇ ಇರುತ್ತದೆ.

ಇನ್ನು ಸ್ಟಾರ್ಟ್ ಮಾಡುವ ಕ್ರಮ. ನೀವು ಎಡವಿದ್ದು ಇಲ್ಲಿಯೇ ಎಂದು ನನಗನಿಸುತ್ತದೆ. ಕಾರ್ಬ್ಯುರೇಟರಿನ ಕೆಳಗಿರುವ ರಬ್ಬರ್ ಗುಳ್ಳೆಯನ್ನು, ತೆಳು ಕೊಳವೆಯಲ್ಲಿ ಪೆಟ್ರೋಲ್ ಹರಿಯುವುದು ಕಾಣುವವರೆಗೆ ಆರೇಳು ಸಲ ಒತ್ತಿ, ಚೋಕ್ ಮುಚ್ಚಿ, ಬ್ಲೇಡ್ ಯಾವುದಕ್ಕೂ ತಾಗದಂತೆ ಯಂತ್ರವನ್ನು ನೆಲಕ್ಕೆ ಒತ್ತಿ ಹಿಡಿದು, ಹಗ್ಗವನ್ನು ಬಿಗಿ ಸಿಗುವವರೆಗೆ ಮೆಲ್ಲಗೆ ಎಳೆದು, ಅಲ್ಲಿಂದ ಚುರುಕಾಗಿ ಜಗ್ಗಬೇಕು. ಮೂರು ನಾಲ್ಕು ಜಗ್ಗಿಗೆ ‘ಬುಸ್’ ಎನ್ನುತ್ತದೆ. ಆ ಸದ್ದು ಕೇಳಿದ ತಕ್ಷಣ ಚೋಕ್ ತೆರೆಯಬೇಕು. ಹೆಚ್ಚಿನವರು ಆ ಉತ್ಸಾಹದಲ್ಲಿ, ಇನ್ನೇನು ಬಂತು ಎಂದು, ಚೋಕ್ ಮುಚ್ಚಿಕೊಂಡೇ ಮತ್ತೆ ಮತ್ತೆ ಎಳೆಯುತ್ತಾರೆ. ಗಾಳಿಯ ದಾರಿ ಮುಚ್ಚಿರುವುದರಿಂದ ಪ್ರತಿ ಎಳೆತಕ್ಕೂ ಬರಿಯ ಪೆಟ್ರೋಲ್ ಒಳಗೆ ಹೋಗಿ ಪ್ಲಗ್ ಮುಳುಗುತ್ತದೆ. ನಿಮ್ಮ ಯಂತ್ರ ಒಮ್ಮೆ ‘ಬುಸ್’ ಎಂದು ಆಮೇಲೆ ಸುಮ್ಮನಾದ ಕತೆ ಇದೇ ಇರಬೇಕು.

ಪ್ಲಗ್ ಒಣಗಿಯೇ ಇದ್ದರೆ ಮಾತ್ರ ಕಾರ್ಬ್ಯುರೇಟರಿನ ಕಡೆಗೆ ನೋಡಿ. ಅದಕ್ಕೂ ಮೊದಲು ಬಾಗಿದ ತಂತಿಯಿಂದ ಟ್ಯಾಂಕಿನೊಳಗಿನ ಫಿಲ್ಟರನ್ನು ಹೊರಗೆಳೆದು, ಅಂಟು ಹಿಡಿದಿದ್ದರೆ ಬದಲಿಸಿ, ರಬ್ಬರ್ ಕೊಳವೆಯನ್ನು ಬಗ್ಗಿಸಿ ಬಿರುಕು ಇದೆಯೇ ನೋಡಿ. ಬಿರುಕಿನಲ್ಲಿ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಈ ಯಂತ್ರಗಳ ಕಾರ್ಬ್ಯುರೇಟರಿನಲ್ಲಿ ಬೈಕಿನಲ್ಲಿರುವಂತೆ ತೇಲುವ ಬುರುಡೆ ಇರುವುದಿಲ್ಲ. ಯಂತ್ರವನ್ನು ಹೇಗೆ ಓರೆ ಮಾಡಿದರೂ ನಡೆಯಬೇಕಾದ್ದರಿಂದ ಆ ಕೆಲಸವನ್ನು ಡಯಾಫ್ರಾಮ್ ಎಂಬ ತೆಳುವಾದ ಪೊರೆ ಮಾಡುತ್ತದೆ. ಮುಚ್ಚಳದ ಸ್ಕ್ರೂ ಬಿಚ್ಚಿದರೆ ಅದು ಕಾಣುತ್ತದೆ. ಬೆರಳಿನಲ್ಲಿ ಮುಟ್ಟಿದಾಗ ಮೆತ್ತಗೆ ಬಳುಕಬೇಕು. ಒಣಗಿದ ಹಪ್ಪಳದಂತೆ ಸೆಟೆದು, ಒತ್ತಿದರೆ ಟಕ್ ಎಂದು ಸದ್ದು ಮಾಡಿದರೆ ಅದರ ಆಯುಷ್ಯ ಮುಗಿದಿದೆ. ಐದು ವರ್ಷದ ಯಂತ್ರದಲ್ಲಿ ಇದು ಸಹಜ. ಆದರೆ ಆಗಲೂ ಬೇಕಾದದ್ದು ಡಯಾಫ್ರಾಮ್ ಮತ್ತು ಗ್ಯಾಸ್ಕೆಟ್‌ಗಳ ಕಿಟ್ ಮಾತ್ರ, ಇಡೀ ಕಾರ್ಬ್ಯುರೇಟರಿಗಿಂತ ಅದು ಬಹಳ ಅಗ್ಗ. ಬಿಚ್ಚುವಾಗ ಯಾವ ಪೊರೆಯ ಮೇಲೆ ಯಾವ ಗ್ಯಾಸ್ಕೆಟ್ ಇತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಮರಳಿ ಜೋಡಿಸುವಾಗ ತಲೆ ಕೆಡುವುದಿಲ್ಲ.

ಅಟ್ಟ ಎಂದಿರುವುದರಿಂದ ಇನ್ನೊಂದು ಮಾತು. ಎರಡು ವರ್ಷಗಳ ಹಿಂದೆ ನನ್ನದೇ ಯಂತ್ರ ಇದೇ ರೀತಿ ಹಟ ಹಿಡಿದಾಗ ಪೆಟ್ರೋಲ್, ಪ್ಲಗ್, ಕಾರ್ಬ್ಯುರೇಟರ್ ಎಲ್ಲ ನೋಡಿ ಒಂದು ಭಾನುವಾರ ಹಾಳು ಮಾಡಿಕೊಂಡಿದ್ದೆ. ಕೊನೆಗೆ ಸೈಲೆನ್ಸರಿನ ಬಾಯಿಯ ಮೇಲೆ ಬೆರಳಿಟ್ಟಾಗ ಅಲ್ಲಿ ತೂತೇ ಇರಲಿಲ್ಲ, ಗಟ್ಟಿ ಮಣ್ಣಿತ್ತು. ಗೋಡೆಯ ಸಂದಿಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ, ಬಾಯಿ ತುಂಬ ಅಚ್ಚುಕಟ್ಟಾಗಿ ಮೆತ್ತಿ ಮುಚ್ಚಿತ್ತು. ಹೊಗೆ ಹೋಗಲು ದಾರಿ ಇಲ್ಲದ ಎಂಜಿನ್ ಹೊಸ ಗಾಳಿಯನ್ನೂ ಎಳೆದುಕೊಳ್ಳಲಾರದು. ಅಟ್ಟದಿಂದ ಇಳಿಸಿದ ಯಂತ್ರದಲ್ಲಿ ಈಗ ನಾನು ಮೊದಲು ನೋಡುವುದು ಅದನ್ನೇ.

ಇವೆಲ್ಲ ಸರಿ ಇದ್ದೂ ಏಳದಿದ್ದರೆ, ಹಗ್ಗದ ಹಿಡಿಯನ್ನು ಹಿಡಿದು ಯಂತ್ರವನ್ನು ನೆಲದಿಂದ ಗೇಣೆತ್ತರ ಎತ್ತಿ ನೋಡಿ. ಒಳಗೆ ಒತ್ತಡ ಚೆನ್ನಾಗಿದ್ದರೆ ಅದು ತಡೆದು ತಡೆದು ಇಳಿಯುತ್ತದೆ. ಬಾವಿಗೆ ಬಿಟ್ಟ ಕೊಡದಂತೆ ಸರ್ರನೆ ಇಳಿದರೆ ಸೈಲೆನ್ಸರ್ ಬಿಚ್ಚಿ, ಹೊಗೆ ಬರುವ ಕಿಂಡಿಯಿಂದ ಪಿಸ್ಟನ್ನಿನ ಮೈಯನ್ನು ಟಾರ್ಚ್ ಹಾಕಿ ನೋಡಬೇಕು. ಅದು ನುಣುಪಾಗಿರಬೇಕು. ಮೇಲಿನಿಂದ ಕೆಳಕ್ಕೆ ಗೀರುಗಳಿದ್ದರೆ ಎಂಜಿನ್ ಎಣ್ಣೆಯಿಲ್ಲದೆ ಓಡಿ ಸವೆದಿದೆ ಎಂದರ್ಥ. ಆಗ ಯಂತ್ರವನ್ನು ಮೆಕ್ಯಾನಿಕ್ ಹತ್ತಿರ ಒಯ್ಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಹುಲ್ಲುಹಾಸಿಗೆ ತಳ್ಳಿಕೊಂಡು ಹೋಗುವ, ನಾಲ್ಕು ಚಕ್ರದ ಪೆಟ್ರೋಲ್ ಯಂತ್ರವಿದೆ. ಹೋದ ವಾರ ಹುಲ್ಲಿನಲ್ಲಿ ಹುದುಗಿದ್ದ ಕಲ್ಲಿಗೆ ಬ್ಲೇಡ್ ಬಡಿದು ಎಂಜಿನ್ ಒಮ್ಮೆಲೇ ನಿಂತಿತು. ಕೆಳಗೆ ಏನಾಗಿದೆ ಎಂದು ನೋಡಲು ಮಗುಚಿ ಇಟ್ಟಿದ್ದೆವು. ಆ ಮೇಲೆ ಹಗ್ಗ ಎಳೆದರೆ ಕೆಲವೊಮ್ಮೆ ಹಿಡಿಯನ್ನು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಜಗ್ಗುತ್ತದೆ, ಕೆಲವೊಮ್ಮೆ ‘ಢಬ್’ ಎನ್ನುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಹೊಸ ಪ್ಲಗ್ ಹಾಕಿದ್ದೇವೆ.
– ದೈಹಿಕ ಶಿಕ್ಷಣ ಶಿಕ್ಷಕರು, ಮೈಸೂರು

ಉತ್ತರ: ಇಲ್ಲಿ ಎರಡು ತೊಂದರೆಗಳು ಒಂದರ ಮೇಲೊಂದು ಬಿದ್ದಿವೆ. ಮೊದಲನೆಯದು ಕಲ್ಲಿನಿಂದ ಬಂದದ್ದು, ಎರಡನೆಯದನ್ನು, ಕ್ಷಮಿಸಿ, ನೀವೇ ತಂದುಕೊಂಡಿದ್ದೀರಿ.

ತೋಟದ ಯಂತ್ರದಲ್ಲಿ ಎಂಜಿನ್ನಿಗೂ ಬ್ಲೇಡಿಗೂ ನಡುವೆ ಕ್ಲಚ್ ಇರುವುದರಿಂದ ಕಲ್ಲಿನ ಪೆಟ್ಟು ಎಂಜಿನ್ನಿಗೆ ನೇರವಾಗಿ ಮುಟ್ಟುವುದಿಲ್ಲ. ನಿಮ್ಮಂಥ ತಳ್ಳುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಬ್ಲೇಡನ್ನು, ಎಂಜಿನ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಕೆಳತುದಿಗೇ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅದೇ ಶಾಫ್ಟಿನ ಮೇಲ್ತುದಿಯಲ್ಲಿ ಫ್ಲೈವೀಲ್ ಎಂಬ ಚಕ್ರ ಇದ್ದು, ಶಾಫ್ಟ್ ಮತ್ತು ಫ್ಲೈವೀಲಿನ ನಡುವಿನ ತೋಡಿನಲ್ಲಿ ಬೆರಳಿನ ಉಗುರಿಗಿಂತ ತುಸು ಉದ್ದದ, ಕೀ ಎಂಬ ಒಂದು ಸಣ್ಣ ಲೋಹದ ತುಂಡು ಕೂತಿರುತ್ತದೆ. ಕೆಳಗಿನ ಬ್ಲೇಡ್ ಕಲ್ಲಿಗೆ ಬಡಿದು ಒಮ್ಮೆಲೇ ನಿಂತಾಗ ಮೇಲಿನ ಭಾರವಾದ ಫ್ಲೈವೀಲ್ ತನ್ನ ವೇಗದಲ್ಲಿ ಇನ್ನೂ ತಿರುಗಲು ನೋಡುತ್ತದೆ, ನಡುವಿನ ಕೀ ಕತ್ತರಿಸಿ ಹೋಗುತ್ತದೆ ಅಥವಾ ಅರ್ಧ ಜಜ್ಜಿ ಹೋಗುತ್ತದೆ. ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದನ್ನು ಫ್ಲೈವೀಲಿನ ಮೇಲಿರುವ ಆಯಸ್ಕಾಂತ ತೀರ್ಮಾನಿಸುವುದರಿಂದ, ಅದು ಕೂದಲೆಳೆಯಷ್ಟು ಸರಿದರೂ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಹಾರುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಪೆಟ್ರೋಲ್ ಉರಿದರೆ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಡುತ್ತದೆ. ಹಗ್ಗದ ಹಿಡಿಯನ್ನು ನಿಮ್ಮ ಕೈಯಿಂದ ಕಿತ್ತುಕೊಳ್ಳುವುದು ಅದೇ. ಇಂಥ ಸ್ಥಿತಿಯಲ್ಲಿ ಹಟ ಹಿಡಿದು ಎಳೆದರೆ ಬೆರಳು, ಮಣಿಕಟ್ಟು ಉಳುಕುವುದು ಖಂಡಿತ, ಆದ್ದರಿಂದ ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ.

ಪ್ಲಗ್ಗಿನ ಕ್ಯಾಪನ್ನು ಕಳಚಿ ದೂರ ಸರಿಸಿದ ಮೇಲೆಯೇ ಬ್ಲೇಡಿನ ಹತ್ತಿರ ಕೈ ಹಾಕಬೇಕು. ಮೇಲಿನ ಹೊದಿಕೆ ತೆಗೆದು, ಫ್ಲೈವೀಲಿನ ನಟ್ ಬಿಚ್ಚಿದರೆ ಎರಡು ತೋಡುಗಳು ಒಂದರ ಎದುರು ಒಂದು ನೇರವಾಗಿವೆಯೇ ಎಂದು ಕಣ್ಣಿಗೇ ಕಾಣುತ್ತದೆ. ಸರಿದಿದ್ದರೆ ಅದೇ ಮಾದರಿಯ ಹೊಸ ಕೀ ತಂದು ಹಾಕಿಸಿ. ಹಲವು ಎಂಜಿನ್‌ಗಳಲ್ಲಿ ಈ ಕೀಯನ್ನು ಮೆದು ಲೋಹದಿಂದಲೇ ಮಾಡಿರುತ್ತಾರೆ, ಪೆಟ್ಟು ಬಿದ್ದಾಗ ಮುರಿಯಬೇಕಾದದ್ದು ಅದೇ ಹೊರತು ಶಾಫ್ಟ್ ಅಲ್ಲ. ಲೇತ್ ಅಂಗಡಿಯಲ್ಲಿ ಗಟ್ಟಿ ಉಕ್ಕಿನ ತುಂಡು ಮಾಡಿಸಿ ಹಾಕುವವರನ್ನು ನೋಡಿದ್ದೇನೆ, ಮುಂದಿನ ಕಲ್ಲಿಗೆ ಅವರ ಶಾಫ್ಟೇ ಬಾಗುತ್ತದೆ. ಕೀ ಬದಲಿಸಿ ಸ್ಟಾರ್ಟ್ ಆದ ಮೇಲೆ ಯಂತ್ರ ಹಿಂದೆಂದಿಗಿಂತ ಹೆಚ್ಚು ನಡುಗಿದರೆ ತಕ್ಷಣ ನಿಲ್ಲಿಸಿ. ಬ್ಲೇಡ್ ಅಥವಾ ಶಾಫ್ಟ್ ಬಾಗಿದೆ ಎಂದೇ ಅದರ ಅರ್ಥ.

ಮಗುಚಿದ್ದರ ಫಲ ಏರ್ ಫಿಲ್ಟರಿನಲ್ಲಿ ಕಾಣುತ್ತದೆ. ನಿಮ್ಮದು ಫೋರ್-ಸ್ಟ್ರೋಕ್ ಎಂಜಿನ್ ಆಗಿರುತ್ತದೆ, ಅದರ ತಳದಲ್ಲಿ ಬೇರೆಯಾಗಿ ಎಣ್ಣೆ ಇರುತ್ತದೆ. ಮಗುಚಿದಾಗ ಅದು ಸಿಲಿಂಡರಿಗೂ ಫಿಲ್ಟರಿಗೂ ಹರಿಯುತ್ತದೆ. ಎಣ್ಣೆಯಲ್ಲಿ ನೆಂದ ಕಾಗದದ ಫಿಲ್ಟರನ್ನು ಎಸೆಯಬೇಕು. ಸ್ಪಂಜಿನದಾಗಿದ್ದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬಹುದು. ಪ್ಲಗ್ ಬಿಚ್ಚಿ ಹತ್ತಾರು ಸಲ ಹಗ್ಗ ಎಳೆದು ಒಳಗಿನ ಎಣ್ಣೆಯನ್ನು ಹೊರಹಾಕಿ, ಎಣ್ಣೆಯ ಮಟ್ಟವನ್ನು ಕಡ್ಡಿಯಿಂದ ಅಳೆದು ಕಡಿಮೆಯಾದಷ್ಟನ್ನು ತುಂಬಿ. ಮೊದಲ ಕೆಲವು ನಿಮಿಷ ದಟ್ಟವಾದ ಬಿಳಿ ಹೊಗೆ ಬರುತ್ತದೆ, ಗಾಬರಿಯಾಗಬೇಕಾಗಿಲ್ಲ. ಇನ್ನು ಮುಂದೆ ಕೆಳಭಾಗ ನೋಡಬೇಕಾದಾಗ ಪೆಟ್ರೋಲ್ ಖಾಲಿ ಮಾಡಿ, ಏರ್ ಫಿಲ್ಟರ್ ಇರುವ ಬದಿ ಮೇಲಕ್ಕೆ ಬರುವಂತೆ ಓರೆ ಮಾಡಿ.

ಪ್ರಶ್ನೆ: ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುವ ಯಂತ್ರ ಅರ್ಧ ಗಂಟೆ ಕೆಲಸ ಮಾಡಿ ತಾನಾಗಿ ನಿಲ್ಲುತ್ತದೆ. ಮತ್ತೆ ಎಷ್ಟು ಎಳೆದರೂ ಇಲ್ಲ. ಊಟ ಮಾಡಿ ಬಂದು ಎಳೆದರೆ ಹೊತ್ತಿಕೊಳ್ಳುತ್ತದೆ. ಕೆಲಸದವರು ‘ಅದಕ್ಕೂ ಊಟದ ಬಿಡುವು ಬೇಕು’ ಎಂದು ನಗುತ್ತಾರೆ.
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ನಿಮ್ಮ ಕೆಲಸದವರ ರೋಗನಿರ್ಣಯ ಅರ್ಧ ಸರಿ. ಬಿಡುವಿನಲ್ಲಿ ಆಗುವುದು ಎರಡರಲ್ಲೊಂದು: ಟ್ಯಾಂಕಿನೊಳಗೆ ಗಾಳಿ ಮೆಲ್ಲಗೆ ಸೇರಿಕೊಳ್ಳುತ್ತದೆ, ಇಲ್ಲವೇ ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್ ತಣಿಯುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು, ಅದಕ್ಕಾಗಿ ಮುಚ್ಚಳದಲ್ಲಿಯೋ ಪಕ್ಕದ ತೆಳು ಕೊಳವೆಯಲ್ಲಿಯೋ ಸೂಜಿಮೊನೆಯಷ್ಟು ಕಿಂಡಿ ಇರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ ಒಳಗೆ ನಿರ್ವಾತ ಏರ್ಪಟ್ಟು ಪೆಟ್ರೋಲ್ ಹರಿಯುವುದು ನಿಲ್ಲುತ್ತದೆ. ಮುಂದಿನ ಸಲ ನಿಂತ ಕೂಡಲೇ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ‘ಸುಯ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಕಿಂಡಿ ಸ್ವಚ್ಛ ಮಾಡಿದರೆ ಸಾಕು. ಎಂಜಿನ್ ಕಾದಿರುವಾಗ ಮುಚ್ಚಳ ಸಡಿಲಿಸಬಹುದೇ ಹೊರತು ಪೆಟ್ರೋಲ್ ತುಂಬಬಾರದು, ಒಂದು ಹನಿ ಸೈಲೆನ್ಸರಿನ ಮೇಲೆ ಬಿದ್ದರೆ ಸಾಕು.

ಗಾಳಿ ಎಳೆಯದಿದ್ದರೆ ಪ್ಲಗ್ ಬಿಚ್ಚಿ, ಎಂಜಿನ್ ಬಿಸಿಯಾಗಿರುವಾಗಲೇ ಕಿಡಿ ನೋಡಬೇಕು. ಕಾಯಿಲ್ಲಿನೊಳಗಿನ ಸುತ್ತುಗಳಲ್ಲಿ ಬಿರುಕಿದ್ದರೆ ಕಾದಾಗ ಕಿಡಿ ಮಾಯವಾಗಿ, ತಣಿದಾಗ ಮರಳುತ್ತದೆ. ತಣ್ಣಗಾದ ಮೇಲೆ ಪರೀಕ್ಷಿಸುವ ಮೆಕ್ಯಾನಿಕ್ ‘ಎಲ್ಲ ಸರಿ ಇದೆ’ ಎಂದು ಕಳಿಸುವುದು ಇದರಿಂದಲೇ. ಕಾಯಿಲ್ ದುರಸ್ತಿಯಾಗುವುದಿಲ್ಲ, ಬದಲಿಸಬೇಕು. ಹೊಸದನ್ನು ಕೂರಿಸುವಾಗ ಫ್ಲೈವೀಲಿಗೂ ಅದಕ್ಕೂ ನಡುವೆ ಸುಮಾರು 0.3 ಮಿ.ಮೀ. ಅಂತರ ಬೇಕಾಗುತ್ತದೆ, ಒಂದು ವಿಸಿಟಿಂಗ್ ಕಾರ್ಡನ್ನು ನಡುವೆ ಇಟ್ಟು ಬಿಗಿದು ಕಾರ್ಡನ್ನು ಎಳೆದುಕೊಂಡರೆ ಬಹುತೇಕ ಅಷ್ಟೇ ಬರುತ್ತದೆ. ಹಾಗೆಯೇ ಸಿಲಿಂಡರಿನ ಹೊರಮೈಯ ತೆಳು ರೆಕ್ಕೆಗಳ ನಡುವೆ ಹುಲ್ಲು ಮತ್ತು ಮಣ್ಣು ತುಂಬಿದೆಯೇ ನೋಡಿ. ತಂಪು ಗಾಳಿ ತಾಗದ ಎಂಜಿನ್ನಿನಲ್ಲಿ ಹೊಸ ಕಾಯಿಲ್ ಕೂಡ ಬಹುಕಾಲ ಬಾಳುವುದಿಲ್ಲ.

ಪ್ರಶ್ನೆ: ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಎಣ್ಣೆ ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೈಕಿನಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಹಾಕಬಹುದೇ? ಎಣ್ಣೆ ಹೆಚ್ಚಾದರೆ ಸ್ಟಾರ್ಟ್ ಆಗುವುದಿಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಒಬ್ಬೊಬ್ಬರು ಒಂದೊಂದು ಹೇಳುವುದು ತಪ್ಪಲ್ಲ, ಯಂತ್ರದಿಂದ ಯಂತ್ರಕ್ಕೆ ಅಳತೆ ಬೇರೆ. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 40ಕ್ಕೆ 1 ಎಂದಿದ್ದರೆ 25 ಮಿ.ಲೀ., 50ಕ್ಕೆ 1 ಎಂದಿದ್ದರೆ 20 ಮಿ.ಲೀ. ನಿಮ್ಮದು ಯಾವುದೆಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಹಲವು ಯಂತ್ರಗಳ ಟ್ಯಾಂಕಿನ ಮೇಲೂ ಅಚ್ಚಾಗಿರುತ್ತದೆ. ಮುಚ್ಚಳದ ಅಂದಾಜಿನಲ್ಲಿ ಸುರಿಯುವ ಬದಲು, ಮಕ್ಕಳ ಔಷಧಿಯ ಜೊತೆ ಬರುವ ಅಳತೆಯ ಲೋಟ ಇಟ್ಟುಕೊಳ್ಳಿ. ಎಣ್ಣೆ ಹೆಚ್ಚಾದರೆ ಪ್ಲಗ್ ಮಸಿ ಹಿಡಿಯುತ್ತದೆ, ಸೈಲೆನ್ಸರಿನ ಜಾಲರಿ ಮತ್ತು ಹೊಗೆಯ ಕಿಂಡಿ ಕಿಟ್ಟದಿಂದ ಕಟ್ಟಿಕೊಂಡು ದಿನದಿಂದ ದಿನಕ್ಕೆ ಸ್ಟಾರ್ಟ್ ಆಗುವುದು ಕಷ್ಟವಾಗುತ್ತದೆ. ಕಡಿಮೆಯಾದರೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ, ಆದರೆ ಕೆಲವೇ ಹೊತ್ತಿನಲ್ಲಿ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಮುಗಿಯುತ್ತದೆ. ಎರಡು ತಪ್ಪುಗಳಲ್ಲಿ ಮೊದಲನೆಯದೇ ವಾಸಿ.

ಹಳೆಯ ಎಂಜಿನ್ ಆಯಿಲ್ ಬೇಡವೇ ಬೇಡ. ಅದರಲ್ಲಿ ಲೋಹದ ಪುಡಿಯೂ ಮಸಿಯೂ ಇರುತ್ತವೆ, ಮೇಲಾಗಿ ಅದು ಉರಿದುಹೋಗಲೆಂದು ಮಾಡಿದ ಎಣ್ಣೆಯೇ ಅಲ್ಲ. ಅಂಗಡಿಯಲ್ಲಿ ಟೂ-ಟಿ ಎಂದು ಕೇಳಿ ಪಡೆಯಿರಿ. ಅದಕ್ಕೆ ಬಣ್ಣ ಹಾಕಿರುವುದರಿಂದ ಬೆರೆಸಿದ ಪೆಟ್ರೋಲ್ ಯಾವುದು, ಬೆರೆಸದ್ದು ಯಾವುದು ಎಂದು ಕ್ಯಾನಿನಲ್ಲಿಯೇ ತಿಳಿಯುತ್ತದೆ. ಒಂದು ತಿಂಗಳಿಗೆ ಸಾಲುವುದಕ್ಕಿಂತ ಹೆಚ್ಚು ಬೆರೆಸಿ ಇಡಬೇಡಿ. ಈಗ ಫೋರ್-ಸ್ಟ್ರೋಕ್ ಎಂಜಿನ್ನಿನ ಹೆಗಲ ಯಂತ್ರಗಳೂ ಬಹಳ ಬಂದಿವೆ, ನೋಡಲು ಎರಡೂ ಒಂದೇ. ಎಣ್ಣೆಗೆಂದೇ ಬೇರೆ ಮುಚ್ಚಳ ಇದ್ದರೆ ಅದು ಫೋರ್-ಸ್ಟ್ರೋಕ್, ಅದರ ಪೆಟ್ರೋಲಿಗೆ ಎಣ್ಣೆ ಬೆರೆಸುವಂತಿಲ್ಲ. ಬೆರೆಸಿದವರ ಪತ್ರಗಳೂ ನನ್ನ ಬಳಿ ಇವೆ.

ಪ್ರಶ್ನೆ: ಚಳಿಗಾಲವಿಡೀ ಗ್ಯಾರೇಜಿನಲ್ಲಿದ್ದ ಲಾನ್ ಮೋವರ್ ವಸಂತದಲ್ಲಿ ಸ್ಟಾರ್ಟ್ ಆಗಲಿಲ್ಲ. ಹೇಗೋ ನೆರೆಯವರದನ್ನು ತಂದು ಬೇಸಿಗೆ ಕಳೆದೆ. ನಿಮ್ಮ ಸಲಹೆ ನಮ್ಮಲ್ಲಿಗೂ ಅನ್ವಯಿಸುತ್ತದೆಯೇ?
– ಓದುಗರು, ನ್ಯೂಜೆರ್ಸಿ, ಅಮೆರಿಕ

ಉತ್ತರ: ಎಂಜಿನ್ನಿಗೆ ದೇಶಭೇದವಿಲ್ಲ, ಆದರೆ ಎರಡು ವ್ಯತ್ಯಾಸಗಳಿವೆ. ಅಲ್ಲಿನ ಮೋವರ್‌ಗಳ ಹಿಡಿಕೆಯ ಜೊತೆಗೆ ಒತ್ತಿ ಹಿಡಿಯಬೇಕಾದ ಒಂದು ಅಡ್ಡ ಸರಳು ಇರುತ್ತದೆ. ಕೈ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕೆಂಬ ನಿಯಮ ಅಲ್ಲಿ 1982ರಿಂದ ಇದೆ. ಆ ಸರಳಿನಿಂದ ಎಂಜಿನ್ನಿಗೆ ಹೋಗುವ ಕೇಬಲ್ ಸಡಿಲವಾಗಿದ್ದರೆ, ನೀವು ಎಷ್ಟೇ ಗಟ್ಟಿಯಾಗಿ ಹಿಡಿದರೂ ಎಂಜಿನ್ ‘ಕೈ ಬಿಟ್ಟಿದ್ದಾರೆ’ ಎಂದೇ ತಿಳಿದು ಕಿಡಿಯನ್ನು ಕೊಡುವುದಿಲ್ಲ. ಸರಳು ಒತ್ತಿದಾಗ ಎಂಜಿನ್ ಕಡೆಯ ತುದಿಯಲ್ಲಿ ಸಣ್ಣ ತೋಳೊಂದು ಪೂರ್ತಿ ಸರಿಯುತ್ತದೆಯೇ ಎಂದು ನೋಡಿ.

ಎರಡನೆಯದಾಗಿ, ನಿಮ್ಮ ಯಂತ್ರದ ಕಾರ್ಬ್ಯುರೇಟರಿನಲ್ಲಿ ಕೆಳಗೆ ಬಟ್ಟಲು ಇರುತ್ತದೆ. ಚಳಿಗಾಲವಿಡೀ ನಿಂತ ಪೆಟ್ರೋಲ್ ಅದರ ತಳದಲ್ಲಿ ಅರಗಿನಂತೆ ಅಂಟಿ, ಪೆಟ್ರೋಲ್ ಹಾದುಹೋಗುವ ಸಣ್ಣ ಜೆಟ್ಟಿನ ತೂತನ್ನು ಮುಚ್ಚಿರುತ್ತದೆ. ಬಟ್ಟಲು ಬಿಚ್ಚಿ, ಜೆಟ್ಟನ್ನು ವೈರಿನೊಳಗಿನ ಒಂದೇ ಎಳೆ ತಾಮ್ರದ ತಂತಿಯಿಂದ ಬಿಡಿಸಿ. ಸೂಜಿ ಹಾಕಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ಪೆಟ್ರೋಲ್ ಹಾಕಿಸುವಾಗ ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವುದನ್ನು ಕೊಳ್ಳಬೇಡಿ. ಶೇ 15ರದಕ್ಕೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2001 ಮತ್ತು ಅದರ ನಂತರದ ಮಾದರಿಯ ಕಾರುಗಳಂಥ ವಾಹನಗಳಿಗೆ ಒಪ್ಪಿಗೆ ಕೊಟ್ಟಿದೆಯೇ ಹೊರತು ಹುಲ್ಲಿನ ಯಂತ್ರಗಳಿಗಲ್ಲ. ಮುಂದಿನ ಚಳಿಗಾಲಕ್ಕೆ ಒಳಗಿಡುವ ಮುನ್ನ, ಟ್ಯಾಂಕ್ ಬರಿದು ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ನಮ್ಮ ಸಿದ್ದಾಪುರದ ಓದುಗರೂ ಅಟ್ಟಕ್ಕೆ ಏರಿಸುವ ಮೊದಲು ಇದನ್ನೇ ಮಾಡಬೇಕು.

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದ ಕರೆಂಟಿನ ಹುಲ್ಲಿನ ಯಂತ್ರ ಸ್ವಿಚ್ ಹಾಕಿದರೆ ‘ಗುಂಯ್’ ಎನ್ನುತ್ತದೆ, ತಿರುಗುವುದಿಲ್ಲ. ಮಾಲಿಯವರು ಕೋಲಿನಿಂದ ಬ್ಲೇಡ್ ತಳ್ಳಿದರೆ ಓಡುತ್ತದೆ. ಹೀಗೇ ಮುಂದುವರಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಇವತ್ತೇ ನಿಲ್ಲಿಸಿ, ಆ ಕೋಲು ಮುರಿದು ಹಾರಿದರೆ ಮಾಲಿಯವರ ಮುಖಕ್ಕೇ ಬರುತ್ತದೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆ, ಬ್ಲೇಡಿನ ಸುತ್ತ ಹಸಿ ಹುಲ್ಲು ಸುತ್ತಿಕೊಂಡಿದೆಯೇ ನೋಡಿ ಬಿಡಿಸಿ. ಆಮೇಲೆ ಎಕ್ಸ್‌ಟೆನ್ಷನ್ ವೈರನ್ನು ನೋಡಿ. ದೀಪಕ್ಕೆ ಬಳಸುವ ತೆಳು ವೈರನ್ನು ಐವತ್ತು ಮೀಟರ್ ಎಳೆದಿದ್ದರೆ ಯಂತ್ರ ತಲುಪುವ ಹೊತ್ತಿಗೆ ವೋಲ್ಟೇಜ್ ಕುಸಿದಿರುತ್ತದೆ. ಯಂತ್ರವನ್ನು ನೇರವಾಗಿ ಗೋಡೆಯ 15 ಆಂಪಿಯರ್ ಸಾಕೆಟ್ಟಿಗೆ ಹಾಕಿದಾಗ ಸರಿಯಾಗಿ ಓಡಿದರೆ ತಪ್ಪು ವೈರಿನದೇ, ದಪ್ಪದ್ದನ್ನು ತನ್ನಿ. ಅಲ್ಲಿಯೂ ಗುಂಯ್‌ಗುಟ್ಟಿದರೆ, ಕೋಲಿನಿಂದ ತಳ್ಳಿದಾಗ ಓಡುತ್ತಿರುವುದರಿಂದ, ಹಳೆಯ ಸೀಲಿಂಗ್ ಫ್ಯಾನಿನಲ್ಲಿ ಆಗುವಂತೆ ಮೋಟಾರಿನ ಕೆಪ್ಯಾಸಿಟರ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಅದನ್ನು ಬದಲಿಸುವ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡಿ.